ಸುಮ್ಮನಿದ್ದವರು ಇಲ್ಲವಾಗುವ ಜಾಗ: ಐರ್ಲೆಂಡಿನ ರೇಡಿಯೋ ನಾಟಕಗಳು

ರಂಗದ ಮೇಲೆ ನಟಿಯೊಬ್ಬಳು ಹತ್ತು ನಿಮಿಷ ಮಾತಾಡದೆ ಕುರ್ಚಿಯಲ್ಲಿ ಕೂತಿದ್ದರೂ ಅವಳು ಅಲ್ಲೇ ಇರುತ್ತಾಳೆ. ನೋಡುವವರ ಕಣ್ಣು ಆಗಾಗ ಅವಳತ್ತ ಹೋಗಿಬರುತ್ತದೆ. ರೇಡಿಯೋ ನಾಟಕದಲ್ಲಿ ಆ ಸವಲತ್ತಿಲ್ಲ. ಮೂವರು ಮಾತಾಡುವ ದೃಶ್ಯದಲ್ಲಿ ಒಬ್ಬರು ಅರ್ಧ ನಿಮಿಷ ಬಾಯಿ ಮುಚ್ಚಿದರೆ ಸಾಕು, ಕೇಳುಗರು ಅವರನ್ನು ಮರೆತೇಬಿಡುತ್ತಾರೆ. ಆಮೇಲೆ ಅವರು ತಟ್ಟನೆ ಬಾಯಿಬಿಟ್ಟರೆ ‘ಇವರು ಯಾವಾಗ ಬಂದರು?’ ಎಂಬ ಗಲಿಬಿಲಿ. ರೇಡಿಯೋಗೆ ಬರೆಯಲು ಕೂತವರಿಗೆ ಮೊದಲು ಎದುರಾಗುವ ತೊಡಕು ಇದೇ. ವಾಡಿಕೆಯ ಉಪಾಯಗಳು ಎಲ್ಲರಿಗೂ ಗೊತ್ತು: ಸುಮ್ಮನಿರುವ ಪಾತ್ರಕ್ಕೆ ನಡುನಡುವೆ ಒಂದು ‘ಹೂಂ’, ಒಂದು ಕೆಮ್ಮು, ಲೋಟ ಇಡುವ ಸದ್ದು ಕೊಡುವುದು, ಇಲ್ಲವೇ ಬೇರೆಯವರ ಬಾಯಲ್ಲಿ ಅವರ ಹೆಸರು ಹೇಳಿಸುವುದು.

ಡಬ್ಲಿನ್ ಪಕ್ಕದ ಫಾಕ್ಸ್‌ರಾಕ್‌ನಲ್ಲಿ ಬೆಳೆದ ಸ್ಯಾಮ್ಯುಯೆಲ್ ಬೆಕೆಟ್ ತಮ್ಮ ಮೊದಲ ರೇಡಿಯೋ ನಾಟಕ ‘ಆಲ್ ದಟ್ ಫಾಲ್’ನಲ್ಲಿ ಈ ತೊಡಕನ್ನು ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಅದನ್ನೇ ನಾಟಕದೊಳಗೆ ತಂದು ಕೂರಿಸಿದರು. ಎಪ್ಪತ್ತು ದಾಟಿದ ಸ್ಥೂಲಕಾಯದ ಮ್ಯಾಡಿ ರೂನಿ ರೈಲು ನಿಲ್ದಾಣದ ಮೆಟ್ಟಿಲ ಬಳಿ ನಿಂತಿದ್ದಾಳೆ. ಸುತ್ತಲಿನವರು ಅವಳನ್ನು ಬಿಟ್ಟು ತಮ್ಮ ತಮ್ಮಲ್ಲೇ ಮಾತಿಗಿಳಿಯುತ್ತಾರೆ. ಆಗ ಆಕೆ ನಡುವೆ ಬಾಯಿ ಹಾಕಿ, ನಾನು ಸುಮ್ಮನಿದ್ದೇನೆ ಎಂದ ಮಾತ್ರಕ್ಕೆ ಇಲ್ಲಿ ಇಲ್ಲವೆಂದುಕೊಳ್ಳಬೇಡಿ ಎಂಬರ್ಥದ ಮಾತಾಡುತ್ತಾಳೆ. ಊರಿನಲ್ಲಿ ಯಾರ ಲೆಕ್ಕಕ್ಕೂ ಇಲ್ಲದ ಮುದುಕಿಯ ಸಂಕಟ ಅದು. ರೇಡಿಯೋ ಪಾತ್ರವೊಂದು ತನ್ನ ಉಳಿವಿಗಾಗಿ ಆಡುವ ಮಾತೂ ಅದೇ. ಮಾಧ್ಯಮದ ಕೊರತೆಯೂ ಪಾತ್ರದ ಬದುಕೂ ಒಂದೇ ಸಾಲಿನಲ್ಲಿ ಕೂಡಿಕೊಂಡಿವೆ. ಐರ್ಲೆಂಡಿನ ಒಳ್ಳೆಯ ರೇಡಿಯೋ ನಾಟಕಗಳನ್ನು ಕೇಳುವಾಗ ಹಿಡಿಯಬೇಕಾದ ಎಳೆ ಇದು. ಕಣ್ಣಿಲ್ಲದ್ದನ್ನು ಕೊರತೆಯೆಂದು ಎಣಿಸಿ ಸದ್ದುಗಳಿಂದ ತೇಪೆ ಹಾಕುವ ನಾಟಕ ಒಂದು ಬಗೆ. ಆ ಕೊರತೆಯಿಂದಲೇ ಕಥೆ ಹುಟ್ಟಿಸುವ ನಾಟಕ ಇನ್ನೊಂದು ಬಗೆ. ಎರಡನೆಯದು ಮಾತ್ರ ರೇಡಿಯೋಗೆಂದೇ ಹುಟ್ಟಿದ್ದು.

ಐರ್ಲೆಂಡಿನಲ್ಲಿ ರೇಡಿಯೋ ಶುರುವಾದದ್ದು 1926ರ ಜನವರಿ 1ರಂದು, ಡಬ್ಲಿನ್ನಿನ ಲಿಟ್ಲ್ ಡೆನ್ಮಾರ್ಕ್ ಸ್ಟ್ರೀಟ್‌ನಲ್ಲಿ. ಕೇಂದ್ರದ ಹೆಸರು 2ಆರ್‌ಎನ್. ಉದ್ಘಾಟಿಸಿದವರು ಡಗ್ಲಸ್ ಹೈಡ್. ಮುಂದೆ ದೇಶದ ಮೊದಲ ರಾಷ್ಟ್ರಪತಿಯಾದವರು. ಎರಡು ವರ್ಷಕ್ಕೆ ಕೇಂದ್ರ ಅಲ್ಲಿನ ಜನರಲ್ ಪೋಸ್ಟ್ ಆಫೀಸಿನ ಕಟ್ಟಡಕ್ಕೆ ಬಂತು. ರೇಡಿಯೋ ಏರನ್ ಎಂಬ ಹೆಸರು ಆಮೇಲಿನದು. ಇವತ್ತು ಅದು ಆರ್‌ಟಿಇ. ಮೊದಲ ಎರಡು ದಶಕ ನಾಟಕವೆಂದರೆ ಹೆಚ್ಚಾಗಿ ರಂಗದ ನಾಟಕವನ್ನೇ ಮೈಕಿನ ಮುಂದೆ ಓದುವುದು. ನಿಜವಾದ ತಿರುವು 1947ರಲ್ಲಿ ಬಂತು. ಸಂಬಳದ ಮೇಲೆ ನಟನಟಿಯರನ್ನು ಇಟ್ಟುಕೊಂಡು ರೇಡಿಯೋ ಏರನ್ ಪ್ಲೇಯರ್ಸ್ ಎಂಬ ಸ್ವಂತ ತಂಡ ಕಟ್ಟಿದರು. ಇದರ ತೂಕ ಏನೆಂದು ಸ್ಟುಡಿಯೋ ಕೆಲಸ ಬಲ್ಲವರಿಗೆ ಗೊತ್ತು. ರಂಗನಟರಿಗೆ ಮೈಕು ಒಗ್ಗಿಸಿಕೊಳ್ಳಲು ಕಾಲ ಬೇಕು. ದನಿಯನ್ನು ಕೊನೆಯ ಸಾಲಿನವರೆಗೆ ಎಸೆದು ರೂಢಿಯಾದವರು ಒಂದು ಗೇಣು ದೂರದಲ್ಲಿರುವ ಒಂದೇ ಕಿವಿಗೆ ಮಾತಾಡಲು ಕಲಿಯಬೇಕು. ಪ್ರತಿ ವಾರ ಅದೇ ಜನ ಅದೇ ಕೋಣೆಯಲ್ಲಿ ಕೆಲಸ ಮಾಡಿದಾಗ ಮಾತ್ರ ಆ ಕಲಿಕೆ ತಂಡದಲ್ಲಿ ಉಳಿಯುತ್ತದೆ.

ಅದೇ ಕಾಲದಲ್ಲಿ ನಾಟಕ ವಿಭಾಗ ನೋಡಿಕೊಂಡ ಮೀಹಾಲ್ ಓ ಹೇ ಬರಹಗಾರರನ್ನು ಹುಡುಕಿ ಬರೆಸಿದವರು. ಬ್ರೆಂಡನ್ ಬೀಹನ್ ಎಂಬ ಬಣ್ಣ ಬಳಿಯುವ ಕಸುಬಿನ ಯುವಕನಿಂದ 1952ರಲ್ಲಿ ‘ಮೂವಿಂಗ್ ಔಟ್’, ‘ಎ ಗಾರ್ಡನ್ ಪಾರ್ಟಿ’ ಎಂಬ ಎರಡು ಕಿರು ಹಾಸ್ಯ ನಾಟಕ ಬರೆಸಿದರು. ಡಬ್ಲಿನ್ನಿನ ಹಳೆಯ ವಠಾರದಿಂದ ಊರಾಚೆಯ ಹೊಸ ಬಡಾವಣೆಗೆ ಎತ್ತಂಗಡಿಯಾದ ಸಂಸಾರವೊಂದರ ಕಥೆ. ಬೀಹನ್ ಹೆಸರು ಮಾಡಿದ ರಂಗನಾಟಕಗಳು ಬಂದದ್ದು ಇದರ ನಂತರ. ಇನ್ನೊಂದು ಕಡೆ ಜನಪ್ರಿಯ ಧಾರಾವಾಹಿ ‘ದಿ ಕೆನೆಡೀಸ್ ಆಫ್ ಕ್ಯಾಸಲ್‌ರಾಸ್’ 1955ರಿಂದ 1973ರವರೆಗೆ ನಡೆಯಿತು. ಚಾಕಲೇಟ್ ಕಂಪನಿಯ ಪ್ರಾಯೋಜನೆ, ಮಧ್ಯಾಹ್ನ ಊಟದ ಹೊತ್ತಿಗೆ ಕಾಲು ಗಂಟೆ. ಸಾಹಿತ್ಯದ ಚರ್ಚೆಯಲ್ಲಿ ಇದರ ಹೆಸರು ಬರುವುದಿಲ್ಲ. ಆದರೆ ಕಾಲು ಗಂಟೆಯಲ್ಲಿ ನಾಲ್ಕು ದನಿಗಳನ್ನು ಬೇರೆ ಬೇರೆಯಾಗಿ ಗುರುತಿಸುವಂತೆ ಬರೆಯುವ ಗರಡಿ ಇಂಥ ಧಾರಾವಾಹಿಗಳೇ. ಮುಂದೆ ಹೆಸರಾದ ನಾಟಕಕಾರ ಹ್ಯೂ ಲೆನರ್ಡ್ ಅದರ ಬರಹಗಾರರಲ್ಲಿ ಒಬ್ಬರು.

ಈಗ ‘ಆಲ್ ದಟ್ ಫಾಲ್’ಗೆ ಮರಳೋಣ, ಯಾಕೆಂದರೆ ಕಸುಬಿನ ದೃಷ್ಟಿಯಿಂದ ಇಷ್ಟು ಬಿಚ್ಚಿ ನೋಡಬಹುದಾದ ರೇಡಿಯೋ ನಾಟಕ ಇನ್ನೊಂದು ಸಿಗುವುದು ಕಷ್ಟ. ಬರೆಸಿದ್ದು ಲಂಡನ್ನಿನ ಬಿಬಿಸಿ ಥರ್ಡ್ ಪ್ರೋಗ್ರಾಮ್, ಅಂದರೆ ಸಾಹಿತ್ಯ, ಕಲೆಗಳಿಗೆ ಮೀಸಲಾಗಿದ್ದ ಬಿಬಿಸಿಯ ಬಾನುಲಿ ವಾಹಿನಿ. ಪ್ರಸಾರವಾದದ್ದು 1957ರ ಜನವರಿ 13ರಂದು. ನಿರ್ದೇಶಕ ಡಾನಲ್ಡ್ ಮೆಕ್‌ವಿನಿ. ಆದರೆ ಊರು, ಮಾತಿನ ಲಯ ಎರಡೂ ಐರ್ಲೆಂಡಿನವು. ಮ್ಯಾಡಿಯಾಗಿ ಮೇರಿ ಓಫ್ಯಾರೆಲ್, ಕುರುಡ ಗಂಡ ಡ್ಯಾನ್ ಆಗಿ ಜೆ.ಜಿ. ಡೆವ್ಲಿನ್. ಕಥೆ ಇಷ್ಟೇ: ಗಂಡನ ಹುಟ್ಟುಹಬ್ಬದ ಶನಿವಾರ ಅವನನ್ನು ಕರೆತರಲು ಮ್ಯಾಡಿ ಕಾಲೆಳೆಯುತ್ತ ನಿಲ್ದಾಣಕ್ಕೆ ಹೋಗುತ್ತಾಳೆ, ರೈಲು ತಡವಾಗುತ್ತದೆ, ಇಬ್ಬರೂ ಮನೆಗೆ ನಡೆಯುತ್ತಾರೆ, ತಡವಾದದ್ದು ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ಬೆಕೆಟ್ ಈ ನಾಟಕವನ್ನು ಕಂಡದ್ದು ಸದ್ದಾಗಿಯೇ. ಬರೆಯುವ ಮುಂಚಿನ ಒಂದು ಪತ್ರದಲ್ಲಿ ಗಾಡಿಯ ಚಕ್ರ, ಎಳೆಯುವ ಕಾಲು, ಏದುಸಿರು ತುಂಬಿದ ಒಂದು ಯೋಚನೆ ರಾತ್ರಿ ಹೊಳೆಯಿತೆಂದು ಹೇಳಿಕೊಂಡಿದ್ದಾರೆ. ಕಥೆ ಏನೆಂದು ಗೊತ್ತಾಗುವ ಮುಂಚೆ ಸದ್ದು ಏನೆಂದು ಗೊತ್ತಾಗಿತ್ತು. ನಾಟಕ ತೆರೆದುಕೊಳ್ಳುವುದೂ ಹಾಗೆಯೇ: ಕುರಿ, ಹಕ್ಕಿ, ಹಸು, ಹುಂಜ, ಒಂದಾದ ಮೇಲೊಂದು ಕೂಗಿ, ಆಮೇಲೆ ಒಟ್ಟಿಗೆ ಕೂಗುತ್ತವೆ. ನಂತರ ಮೌನ. ಮತ್ತೆ ಮ್ಯಾಡಿಯ ಹೆಜ್ಜೆ. ಮೆಕ್‌ವಿನಿ ಆ ನಾಲ್ಕು ಪ್ರಾಣಿಗಳನ್ನು ನಾಲ್ಕು ಏಟಿನ ತಾಳವಾಗಿ ಹಿಡಿದರು. ಅದೇ ತಾಳ ಮ್ಯಾಡಿಯ ನಡಿಗೆಗೂ ಬಂತು. ಪ್ರಾಣಿಗಳ ದನಿಯನ್ನು ಮನುಷ್ಯರಿಂದಲೇ ಮಾಡಿಸಿದರು. ಅದು ಬೆಕೆಟ್‌ಗೆ ಹಿಡಿಸಲಿಲ್ಲ. ನಿಜವಾದ ಪ್ರಾಣಿಗಳ ಸದ್ದೇ ಸಾಕಲ್ಲ ಎಂಬುದು ಅವರ ವಾದ. ನನಗೆ ಮೆಕ್‌ವಿನಿಯ ಪಕ್ಷವೇ ಸರಿಯೆನಿಸುತ್ತದೆ. ಹೊಲದಲ್ಲಿ ಧ್ವನಿಮುದ್ರಿಸಿದ ಹಸುವಿನ ಹಿಂದೆ ಆ ಹೊಲದ ಗಾಳಿ, ದೂರದ ಸದ್ದುಗಳು ಎಲ್ಲ ಅಂಟಿಕೊಂಡು ಬರುತ್ತವೆ. ನಾಲ್ಕು ಕಡೆಯ ನಾಲ್ಕು ಸದ್ದು ಜೋಡಿಸಿದರೆ ನಾಲ್ಕು ಊರು ಕೇಳಿಸುತ್ತದೆ. ತಾಳಕ್ಕೆ ತಕ್ಕಂತೆ ಕೂಗು ಹಸುವೇ ಎಂದರೆ ಹಸು ಕೇಳುವುದಿಲ್ಲ, ನಟ ಕೇಳುತ್ತಾನೆ.

ಹೆಜ್ಜೆಯ ಸದ್ದು, ರೈಲು, ಕೊನೆಯ ಗಾಳಿಮಳೆ ಇವನ್ನೆಲ್ಲ ಟೇಪಿನ ಮೇಲೆ ತಿದ್ದಿ ತೀಡಿದವರು ಡೆಸ್ಮಂಡ್ ಬ್ರಿಸ್ಕೋ. ಇಂಥ ಕೆಲಸಕ್ಕೆಂದೇ ಪ್ರತ್ಯೇಕ ಜಾಗ ಬೇಕೆಂಬುದು ಇಂಥ ನಾಟಕಗಳಿಂದಲೇ ಮನದಟ್ಟಾಗಿ ಮರುವರ್ಷ, 1958ರಲ್ಲಿ, ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪ್ ಶುರುವಾಯಿತು.

ಇನ್ನೊಂದು ದೃಶ್ಯವನ್ನು ಹತ್ತಿರದಿಂದ ಕೇಳಬೇಕು. ರೇಸ್‌ಕೋರ್ಸಿನ ಗುಮಾಸ್ತ ಸ್ಲೋಕಮ್ ಮ್ಯಾಡಿಯನ್ನು ತನ್ನ ಕಾರಿಗೆ ಹತ್ತಿಸಬೇಕು. ಅವಳೋ ದಪ್ಪ, ಕಾರಿನ ಬಾಗಿಲೋ ಎತ್ತರ. ಹಿಂದಿನಿಂದ ಭುಜ ಕೊಟ್ಟು ನೂಕುತ್ತಾನೆ. ನಮಗೆ ಕೇಳುವುದು ಇಬ್ಬರ ಮುಲುಕಾಟ, ಏದುಸಿರು, ಅವಳ ನಗು, ‘ಇನ್ನೂ ಸ್ವಲ್ಪ’ ಎಂಬ ಉತ್ತೇಜನ. ಕಾರು ಕಾಣದೆ ಬರೀ ಸದ್ದು ಕೇಳಿದರೆ ಬೇರೇನೋ ನಡೆಯುತ್ತಿದೆ ಎನ್ನಿಸಿಬಿಡುತ್ತದೆ. ಕಾರು ಕಂಡರೆ ಈ ಹಾಸ್ಯ ಅಲ್ಲಿಗೇ ಸಾಯುತ್ತದೆ. ಈ ನಾಟಕ ದನಿಗಳಿಗೆ ಬರೆದದ್ದು, ದೇಹಗಳಿಗೆ ಅಲ್ಲ ಎಂದು ಬೆಕೆಟ್ ಹಟ ಹಿಡಿದು ರಂಗಕ್ಕೆ ಅನುಮತಿ ನಿರಾಕರಿಸುತ್ತ ಬಂದದ್ದು ಇಂಥ ಕಾರಣಕ್ಕೆ. ಲಾರೆನ್ಸ್ ಒಲಿವಿಯೆ ಕೇಳಿದಾಗಲೂ ಒಪ್ಪಲಿಲ್ಲ. 2011ರಲ್ಲಿ ಡಬ್ಲಿನ್ನಿನ ಪ್ಯಾನ್ ಪ್ಯಾನ್ ತಂಡ ಇದಕ್ಕೆ ಜಾಣ ದಾರಿಯೊಂದನ್ನು ಕಂಡುಕೊಂಡಿತು: ರಂಗದಲ್ಲಿ ನಟರೇ ಇಲ್ಲ, ಪ್ರೇಕ್ಷಕರನ್ನು ತೂಗುಕುರ್ಚಿಗಳಲ್ಲಿ ಕೂರಿಸಿ, ಮಬ್ಬು ಬೆಳಕಿನಲ್ಲಿ ಮುದ್ರಿತ ದನಿಗಳನ್ನು ಕೇಳಿಸಿದರು.

ನಡಿಗೆಯ ಸದ್ದು ಸ್ಟುಡಿಯೋದಲ್ಲಿ ಎಷ್ಟು ಸುಲಭವೆನಿಸುತ್ತದೋ ಅಷ್ಟೇ ಕೈಕೊಡುವಂಥದ್ದು. ಮೂರಡಿಗೆ ಎರಡಡಿ ಪ್ಲೈವುಡ್ ತಟ್ಟೆ ಮಾಡಿಸಿ, ಸುತ್ತ ಮೂರು ಇಂಚಿನ ಅಂಚು ಕಟ್ಟಿಸಿ. ತಳಕ್ಕೆ ಹಳೆಯ ಕಂಬಳಿ ಎರಡು ಮಡಿಕೆ ಹಾಕಬೇಕು. ಇಲ್ಲದಿದ್ದರೆ ಹಲಗೆ ಡೊಳ್ಳಿನಂತೆ ಮೊಳಗುತ್ತದೆ. ಮೇಲೆ ಎರಡು ಇಂಚು ಬೇಬಿ ಜಲ್ಲಿ. ಪೂರ್ತಿ ಒಣಗಿದ ಜಲ್ಲಿ ಕರಕರ ಎಂದು ಮಾತಿನ ವ್ಯಂಜನಗಳನ್ನು ನುಂಗುತ್ತದೆ, ಹಾಗಾಗಿ ನೀರು ಚಿಮುಕಿಸಿ ತುಸು ತೇವ ಮಾಡಿ. ನಿಂತಲ್ಲೇ ಹೆಜ್ಜೆ ಹಾಕುವಾಗ ಆಗುವ ದೊಡ್ಡ ತಪ್ಪು ಎರಡೂ ಪಾದವನ್ನು ಸಮನಾಗಿ ಕುಕ್ಕುವುದು. ಕೇಳಿದರೆ ಪೊಲೀಸ್ ಪೆರೇಡು. ಮೊದಲು ಹಿಮ್ಮಡಿ, ಆಮೇಲೆ ಬೆರಳು, ನಡುವೆ ದೇಹದ ಭಾರ ವರ್ಗಾಯಿಸುವ ಸಣ್ಣ ಎಳೆತ ಬೇಕು. ಕಾಲೆಳೆಯುವ ಮುದುಕಿಯಾದರೆ ಚಪ್ಪಲಿಯ ಪಕ್ಕದ ಅಂಚನ್ನು ಉಜ್ಜಿ. ಮೈಕನ್ನು ಕಾಲಿನ ಬುಡಕ್ಕೆ ಹಿಡಿಯಬೇಡಿ. ಪಾತ್ರದ ದನಿ ಎಷ್ಟು ದೂರದಿಂದ ಕೇಳುತ್ತದೋ ಹೆಜ್ಜೆಯೂ ಅಷ್ಟೇ ದೂರದಿಂದ ಕೇಳಬೇಕು, ಸುಮಾರು ಮೂರಡಿ. ಹತ್ತಿರ ಹಿಡಿದರೆ ಆಳಿಗಿಂತ ಆಳಿನ ಕಾಲೇ ದೊಡ್ಡದಾಗುತ್ತದೆ.

ಹೆಜ್ಜೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹೊಸಬರ ಸ್ಕ್ರಿಪ್ಟಿನಲ್ಲಿ ಪ್ರತಿ ಬಾಗಿಲೂ ಕಿರ್ರೆನ್ನುತ್ತದೆ, ಪ್ರತಿಯೊಬ್ಬರೂ ಟಕಟಕ ನಡೆದುಬರುತ್ತಾರೆ. ಮ್ಯಾಡಿಯ ಹೆಜ್ಜೆ ಯಾಕೆ ಬೇಕೆಂದರೆ ನಡೆಯುವುದೇ ಅವಳ ಕಷ್ಟ. ಹೆಜ್ಜೆ ನಿಂತರೆ ಅವಳು ಸೋತಳೆಂದು ತಿಳಿಯುತ್ತದೆ, ಮತ್ತೆ ಶುರುವಾದರೆ ಎದ್ದಳೆಂದು. ಸ್ಕ್ರಿಪ್ಟಿನಲ್ಲಿ ಒಂದು ಸದ್ದನ್ನು ಬರೆಯುವಾಗ ಪಕ್ಕದಲ್ಲೇ ಕೇಳಿಕೊಳ್ಳಿ: ಈ ಸದ್ದು ನಿಂತರೆ ಕಥೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಏನೂ ಆಗದಿದ್ದರೆ ಹೊಡೆದುಹಾಕಿ.

ಬೆಕೆಟ್ ಎರಡು ವರ್ಷದ ನಂತರ ಬರೆದ ‘ಎಂಬರ್ಸ್’ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. 1959ರ ಜೂನ್ 24ರಂದು ಪ್ರಸಾರ, ಹೆನ್ರಿಯ ಪಾತ್ರದಲ್ಲಿ ಡಬ್ಲಿನ್ ನಟ ಜ್ಯಾಕ್ ಮೆಕ್‌ಗೌರನ್. ಹೆನ್ರಿ ಕಡಲ ದಡದ ಉರುಟುಗಲ್ಲುಗಳ ಮೇಲೆ ಕೂತಿದ್ದಾನೆ. ನಮಗೆ ಕೇಳುತ್ತಿರುವುದು ಕಡಲು ಎಂದು ಅವನೇ ಹೇಳುತ್ತಾನೆ, ಮತ್ತು ಅದು ಕಡಲಿನ ಸದ್ದಿನಂತೆ ಕೇಳುವುದೇ ಇಲ್ಲ, ಕಣ್ಣಿಂದ ನೋಡದವರಿಗೆ ಏನೆಂದೇ ತಿಳಿಯದು ಎಂಬರ್ಥದ ಮಾತನ್ನೂ ಸೇರಿಸುತ್ತಾನೆ. ಇದು ಧ್ವನಿ ಇಂಜಿನಿಯರುಗಳ ಪರಮಸತ್ಯ. ಕಡಲು, ಜೋರು ಮಳೆ, ಜಲಪಾತ, ಹೆದ್ದಾರಿ, ಸ್ಟೇಷನ್ ಸಿಗದ ರೇಡಿಯೋ ಎಲ್ಲವೂ ಮೈಕಿನಲ್ಲಿ ಒಂದೇ ‘ಸ್ಸ್’. ಎಲ್ಲ ಕಂಪನಾಂಕಗಳೂ ಒಟ್ಟಿಗೆ ತುಂಬಿರುವುದರಿಂದ ಕಿವಿಗೆ ಹಿಡಿದುಕೊಳ್ಳಲು ಆಕಾರವೇ ಇರುವುದಿಲ್ಲ. ಆದ್ದರಿಂದ ಕಡಲು ಬೇಕಾದಾಗ ಮೊದಲು ಪಾತ್ರದ ಬಾಯಲ್ಲಿ ಅದರ ಸುಳಿವು ಬರಲಿ, ಆಮೇಲೆ ಸದ್ದು. ದೂರದ ಮೊರೆತದ ಬದಲು ಒಂದೊಂದೇ ಅಲೆ ಬಂದು ಕಲ್ಲುಗಳನ್ನು ಎಳೆದುಕೊಂಡು ಹಿಂದೆ ಸರಿಯುವ ಸದ್ದನ್ನು ಮುದ್ರಿಸಿ. ಏರಿಳಿತ ಕೇಳಿದರೆ ಕಿವಿಗೆ ಕಡಲು ಸಿಗುತ್ತದೆ. ಅಲೆ ಸರಿದಾಗ ಉಳಿಯುವ ಬಿಡುವಿನಲ್ಲಿ ಮಾತು ಕೂರುತ್ತದೆ.

ಹೆನ್ರಿ ಕೂತಾಗ ಕಲ್ಲುಗಳು ಜರಿಯುವ ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಏಡ ಬಂದು ಪಕ್ಕದಲ್ಲಿ ಕೂರುತ್ತಾಳೆ. ಸ್ಕ್ರಿಪ್ಟಿನಲ್ಲಿ ಬೆಕೆಟ್ ಕೊಟ್ಟ ಸೂಚನೆ: ಅವಳು ಕೂರುವಾಗ ಯಾವ ಸದ್ದೂ ಇಲ್ಲ. ಅಷ್ಟೇ. ಅವಳು ಸತ್ತವಳೋ, ನೆನಪೋ, ಅವನ ತಲೆಯೊಳಗಿನ ದನಿಯೋ ಯಾರೂ ಹೇಳುವುದಿಲ್ಲ. ಒಂದು ಸದ್ದು ಇಲ್ಲದಿರುವುದೇ ಎಲ್ಲವನ್ನೂ ಹೇಳಿಬಿಡುತ್ತದೆ. ರಂಗದಲ್ಲಿ ಇದನ್ನು ಮಾಡಲು ಬರುವುದಿಲ್ಲ. ಕೂತ ನಟಿ ಕಣ್ಣೆದುರೇ ಇರುತ್ತಾಳೆ. ಇದು ಫಲಿಸಬೇಕಾದರೆ ಹೆನ್ರಿ ಕೂತ ಸದ್ದು ಮೊದಲೇ ಸ್ಪಷ್ಟವಾಗಿ ಕೇಳಿರಬೇಕು. ಅಲ್ಲಿ ಮಿಕ್ಸಿಂಗ್ ಮಾಡುವವರು ಕಲ್ಲಿನ ಸದ್ದನ್ನು ಅಲೆಯಡಿ ಹೂತುಬಿಟ್ಟರೆ ಮುಂದೆ ಏಡಳ ಸದ್ದಿಲ್ಲದಿರುವುದು ಯಾರ ಗಮನಕ್ಕೂ ಬರದು. ಇದೇ ನಾಟಕದಲ್ಲಿ ಹೆನ್ರಿ ‘ಗೊರಸು!’ ಎಂದು ಅಪ್ಪಣೆ ಕೊಟ್ಟರೆ ಕುದುರೆಯ ಗೊರಸಿನ ಸದ್ದು ಬರುತ್ತದೆ. ಅಂದರೆ ಸದ್ದಿನ ಪೆಟ್ಟಿಗೆಯ ಕೀಲಿ ಪಾತ್ರದ ಕೈಯಲ್ಲೇ ಇದೆ. ಆ ವರ್ಷದ ಪ್ರಿ ಇಟಾಲಿಯಾ ಎಂಬ ಅಂತರರಾಷ್ಟ್ರೀಯ ಪ್ರಸಾರ ಸ್ಪರ್ಧೆಯಲ್ಲಿ ‘ಎಂಬರ್ಸ್’ಗೆ ಬಹುಮಾನ ಬಂತು.

ಬೆಕೆಟ್ ಹೆಸರಿನ ನೆರಳಿನಲ್ಲಿ ಮರೆಯಾದ ಒಬ್ಬರ ಬಗ್ಗೆ ಬರೆಯದೆ ಈ ವಿಷಯ ಪೂರ್ತಿಯಾಗದು. ಟೆರೇಸಾ ಡೀವಿ, 1894ರಲ್ಲಿ ವಾಟರ್‌ಫರ್ಡ್‌ನಲ್ಲಿ ಹುಟ್ಟಿದವರು. ಕಾಲೇಜಿನ ದಿನಗಳಲ್ಲಿ ಒಳಗಿವಿಯ ಮೆನಿಯೇರ್ ಕಾಯಿಲೆಯಿಂದ ಕಿವಿ ಪೂರ್ತಿ ಹೋಯಿತು. ತುಟಿಚಲನೆ ಓದುವುದನ್ನು ಕಲಿಯಲು ಲಂಡನ್ನಿಗೆ ಹೋದಾಗ ನಾಟಕದ ಹುಚ್ಚು ಹತ್ತಿತು. ಪಠ್ಯವನ್ನು ಮೊದಲೇ ಓದಿಕೊಂಡು ಹೋಗಿ ನಾಟಕ ನೋಡುತ್ತಿದ್ದರು. 1930ರಿಂದ 1936ರೊಳಗೆ ಡಬ್ಲಿನ್ನಿನ ಆ್ಯಬಿ ರಂಗಮಂದಿರ ಅವರ ಆರು ನಾಟಕ ಆಡಿತು. 1942ರಲ್ಲಿ ಅದೇ ಆ್ಯಬಿ ಅವರ ‘ವೈಫ್ ಟು ಜೇಮ್ಸ್ ವೀಲನ್’ ನಾಟಕವನ್ನು ತಿರಸ್ಕರಿಸಿತು. ಡೀವಿ ಪೆನ್ನು ಕೆಳಗಿಡಲಿಲ್ಲ, ರೇಡಿಯೋಗೆ ಬರೆದರು. ರೇಡಿಯೋ ಏರನ್ ಮತ್ತು ಬಿಬಿಸಿ ಎರಡೂ ಅವರ ನಾಟಕ ಪ್ರಸಾರ ಮಾಡಿದವು. ತಾವು ಎಂದೂ ಕೇಳಲಾಗದ ಮಾಧ್ಯಮಕ್ಕೆ ಅವರು ವರ್ಷಗಟ್ಟಲೆ ಬರೆದರು.

ಇದನ್ನು ಬರೀ ಪವಾಡವೆಂದು ಕೊಂಡಾಡಿ ಬಿಡುವುದು ಅವರ ಕಸುಬಿಗೆ ಮಾಡುವ ಅನ್ಯಾಯ. ಡೀವಿ ಪಾತ್ರಗಳ ಮಾತು ತುಂಡು ತುಂಡು. ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ, ಇನ್ನೊಬ್ಬರು ಬೇರೆಯದೇ ವಿಷಯದಿಂದ ಉತ್ತರ ಕೊಡುತ್ತಾರೆ, ಹೇಳಬೇಕಾದ್ದು ಆ ಬಿರುಕಿನಲ್ಲಿ ಉಳಿಯುತ್ತದೆ. ತುಟಿ ಓದುವವರು ಮಾತು ಮುಗಿಯಿತೇ, ನುಂಗಿಕೊಂಡರೇ, ತಡೆದುಕೊಂಡರೇ ಎಂಬುದನ್ನು ಸದಾ ಗಮನಿಸಬೇಕಾಗುತ್ತದೆ. ಆ ಎಚ್ಚರವೇ ಅವರ ಸಂಭಾಷಣೆಯಲ್ಲಿ ಇಳಿದಿದೆ ಎಂಬುದು ನನ್ನ ಓದು. ರೇಡಿಯೋದಲ್ಲಿ ಮೌನವನ್ನು ಬರೆಯಲು ಬರುವವರೇ ಅಪರೂಪ. ಸ್ಟುಡಿಯೋದಲ್ಲಿ ಎರಡು ಸೆಕೆಂಡಿನ ಮೌನವೆಂದರೆ ಯೋಚನೆ, ನಾಲ್ಕು ಸೆಕೆಂಡೆಂದರೆ ಆಘಾತ; ಆರೇಳು ಸೆಕೆಂಡಾದರೆ ಕೇಳುಗರು ಸ್ಟೇಷನ್ ಹೋಯಿತೇ ಎಂದು ರೇಡಿಯೋ ಕಡೆ ತಿರುಗುತ್ತಾರೆ. ಉದ್ದ ಮೌನ ಬೇಕೇ ಬೇಕೆಂದರೆ ಕೋಣೆಯ ಸದ್ದು ಜೀವಂತವಾಗಿರಲಿ: ಗಡಿಯಾರ, ಹೊರಗಿನ ಕಾಗೆ, ಯಾರದೋ ಉಸಿರು. ಡೀವಿಯವರ ಹಸ್ತಪ್ರತಿಗಳು ಈಗ ಮೇನೂತ್ ವಿಶ್ವವಿದ್ಯಾಲಯದಲ್ಲಿವೆ. ಐರಿಷ್ ರೇಡಿಯೋ ನಾಟಕ ಎಂದರೆ ಬೆಕೆಟ್ ಎಂದಷ್ಟೇ ಕಲಿಸುವವರು ಅವನ್ನೊಮ್ಮೆ ತೆರೆದು ನೋಡಬೇಕು.

ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಲೂಯಿ ಮೆಕ್‌ನೀಸ್ 1941ರಲ್ಲಿ ಬಿಬಿಸಿ ಸೇರಿ ರೇಡಿಯೋಗೆಂದೇ ಬರೆದವರು. ಅವರ ‘ದಿ ಡಾರ್ಕ್ ಟವರ್’ 1946ರ ಜನವರಿಯಲ್ಲಿ ಬೆಂಜಮಿನ್ ಬ್ರಿಟನ್ ಸಂಗೀತದೊಂದಿಗೆ ಬಂತು. ಕೊನೆಯ ನಾಟಕ ‘ಪರ್ಸನ್ಸ್ ಫ್ರಮ್ ಪೋರ್ಲಾಕ್’ನಲ್ಲಿ ಗುಹೆಗಳಿಗಿಳಿಯುವ ಒಬ್ಬ ಚಿತ್ರಕಾರನಿದ್ದಾನೆ. 1963ರ ಆಗಸ್ಟಿನಲ್ಲಿ ಗುಹೆಯ ಸದ್ದು ಮುದ್ರಿಸಲು ಮೆಕ್‌ನೀಸ್ ತಂತ್ರಜ್ಞರ ಜೊತೆ ತಾವೇ ಯಾರ್ಕ್‌ಷೈರಿನ ಗುಹೆಗಿಳಿದರು, ಮಳೆಯಲ್ಲಿ ತೊಯ್ದರು, ಅದು ನ್ಯುಮೋನಿಯಾಕ್ಕೆ ತಿರುಗಿತು. ನಾಟಕ ಆಗಸ್ಟ್ 30ರಂದು ಪ್ರಸಾರವಾಯಿತು. ಸೆಪ್ಟೆಂಬರ್ 3ರಂದು ಅವರು ತೀರಿಕೊಂಡರು. ವಯಸ್ಸು 55.

ಅಷ್ಟು ದೂರ ಯಾಕೆ ಹೋಗಬೇಕಿತ್ತು ಎಂದರೆ, ಜಾಗದ ಅನುರಣನವನ್ನು ಆ ಕಾಲದಲ್ಲಿ ನಂಬಿಸುವಂತೆ ಹುಟ್ಟಿಸುವುದು ಕಷ್ಟವಿತ್ತು. ಇವತ್ತು ಕಂಪ್ಯೂಟರಿನಲ್ಲಿ ಗುಹೆ ಸಿಗುತ್ತದೆ. ಆದರೆ ಎಲ್ಲರೂ ಎಡವುವುದು ಅದಕ್ಕೆ ಉಲ್ಟಾ ಸಂಗತಿಯಲ್ಲಿ: ಬಯಲು. ಬಯಲಿನಲ್ಲಿ ಗೋಡೆಯಿಲ್ಲ, ದನಿ ಮರಳಿ ಬರುವುದಿಲ್ಲ. ಮನೆಯ ಕೋಣೆಯಲ್ಲಿ ಗೋಡೆ ಒಂದು ಮೀಟರ್ ದೂರವಿದ್ದರೆ ಅದಕ್ಕೆ ಬಡಿದ ದನಿ ಸುಮಾರು 6 ಮಿಲಿಸೆಕೆಂಡಿನಲ್ಲಿ ಮರಳಿ ಮೈಕಿಗೆ ಬೀಳುತ್ತದೆ. ಅದು ಪ್ರತಿಧ್ವನಿಯಾಗಿ ಕೇಳುವುದಿಲ್ಲ, ಡಬ್ಬದೊಳಗಿನಿಂದ ಮಾತಾಡಿದಂತೆ ಕೇಳುತ್ತದೆ. ಮೇಲೆ ಎಷ್ಟೇ ಹಕ್ಕಿ, ಗಾಳಿ ಸುರಿದರೂ ಆ ಡಬ್ಬ ಹೋಗದು, ಮುದ್ರಿಸಿಕೊಂಡ ಮೇಲೆ ಅದನ್ನು ಪೂರ್ತಿ ತೆಗೆಯಲೂ ಆಗದು. ಅದಕ್ಕೇ ರೇಡಿಯೋ ನಾಟಕದ ಸ್ಟುಡಿಯೋಗಳಲ್ಲಿ ದನಿಯನ್ನು ಪೂರ್ತಿ ಹೀರಿಕೊಳ್ಳುವ ಒಂದು ಮೂಲೆಯನ್ನು ಬಯಲಿಗೆಂದೇ ಬಿಟ್ಟಿರುತ್ತಾರೆ. ಮನೆಯಲ್ಲಾದರೆ ಹಾಸಿಗೆ ನಿಲ್ಲಿಸಿ, ಮೂರು ಕಡೆ ದಪ್ಪ ರಜಾಯಿ ನೇತುಹಾಕಿ, ತಲೆಯ ಮೇಲೂ ಒಂದು ಹೊದಿಸಿ. ಎಲ್ಲರೂ ಮರೆಯುವುದು ಆ ಮೇಲಿನದ್ದನ್ನೇ. ಕೂಗುವ ಮಾತಾದರೆ ನಟ ಒಂದು ಹೆಜ್ಜೆ ಹಿಂದೆ ಸರಿದು ಮುಖ ಪಕ್ಕಕ್ಕೆ ತಿರುಗಿಸಲಿ, ಮೈಕಿನ ಮಟ್ಟ ಮುಟ್ಟಬೇಡಿ.

ಮೈಕಿನಿಂದ ಎಷ್ಟು ದೂರ ಎಂಬುದೇ ರೇಡಿಯೋದ ಕ್ಯಾಮೆರಾ. ಮನಸ್ಸಿನೊಳಗಿನ ಮಾತಿಗೆ ಒಂದು ಗೇಣಿಗಿಂತ ಕಡಿಮೆ, ಮುಂದೆ ಉಸಿರಿನ ಹೊಡೆತ ತಡೆಯುವ ಜಾಲರಿ, ಪಾಪ್ ಫಿಲ್ಟರ್. ಎದುರುಬದುರು ಮಾತಿಗೆ ಒಂದೂವರೆ ಅಡಿ. ಕೋಣೆಯ ಆಚೆ ತುದಿಯವರಿಗೆ ಐದಾರು ಅಡಿ. ಬಾಗಿಲಿಂದ ಬರುವವರು ದೂರದಲ್ಲಿ ಮಾತು ಶುರುಮಾಡಿ ಮಾತಾಡುತ್ತಲೇ ಹತ್ತಿರ ಬರಬೇಕು; ಬಂದು ನಿಂತು ಮಾತಾಡಿದರೆ ಪಾತ್ರ ಆಕಾಶದಿಂದ ಉದುರಿದಂತೆ. ಐರಿಷ್ ನಾಟಕಕಾರ ಬ್ರಯನ್ ಫ್ರೀಲ್ ರಂಗಕ್ಕೆ ಬರುವ ಮುಂಚೆ, 1958ರಲ್ಲಿ, ಬೆಲ್‌ಫಾಸ್ಟಿನ ಬಿಬಿಸಿಗೆ ಎರಡು ರೇಡಿಯೋ ನಾಟಕ ಬರೆದಿದ್ದರು. 1964ರ ಅವರ ಪ್ರಸಿದ್ಧ ರಂಗನಾಟಕದಲ್ಲಿ ನಾಯಕನ ಹೊರಗಿನ ಮಾತಿಗೊಬ್ಬ ನಟ, ಒಳಗಿನ ಮಾತಿಗೆ ಇನ್ನೊಬ್ಬ. ಅದು ಮೈಕಿನ ಹತ್ತಿರ-ದೂರ ಬಲ್ಲವರ ಕಲ್ಪನೆ ಎಂದೇ ನನಗೆ ತೋರುತ್ತದೆ. ರೇಡಿಯೋದಿಂದ ರಂಗಕ್ಕೆ ಹೋದ ಇಂಥ ದಾರಿ ಕನ್ನಡಕ್ಕೂ ಹೊಸದಲ್ಲ. ಗಿರೀಶ ಕಾರ್ನಾಡರ ಟಿಪ್ಪುವಿನ ಕನಸುಗಳ ನಾಟಕ ಮೊದಲು ಹುಟ್ಟಿದ್ದು ಬಿಬಿಸಿ ರೇಡಿಯೋ ಬರೆಸಿದ ನಾಟಕವಾಗಿ, ಸ್ವಾತಂತ್ರ್ಯದ 50ನೇ ವರ್ಷಕ್ಕೆ.

ಬರೆಯಲು ಕೂತವರಿಗೆ ಲೆಕ್ಕ ಬೇಕಾಗುತ್ತದೆ. ಅರ್ಧ ಗಂಟೆಯ ಕನ್ನಡ ನಾಟಕಕ್ಕೆ ಮಾತು 2500 ಪದ ದಾಟದಿರಲಿ. ಕನ್ನಡದ ಪದ ಉದ್ದ, ಮೇಲೆ ಮೌನ ಮತ್ತು ಸದ್ದಿಗೂ ಜಾಗ ಬೇಕು. ಒಟ್ಟು ಐದಾರು ದನಿ, ಒಂದು ದೃಶ್ಯಕ್ಕೆ ಮೂರು. ಹೆಸರುಗಳು ಒಂದೇ ಅಕ್ಷರದಿಂದ ಶುರುವಾಗಬಾರದು: ರಮೇಶ, ರವಿ, ರಾಜು ಮೂವರೂ ಇದ್ದರೆ ಹತ್ತನೇ ನಿಮಿಷಕ್ಕೆ ಮೂವರೂ ಒಬ್ಬರೇ. ನಟರನ್ನು ಆರಿಸುವಾಗ ಕಣ್ಣು ಮುಚ್ಚಿ ಇಬ್ಬಿಬ್ಬರನ್ನು ಜೊತೆಯಾಗಿ ಓದಿಸಿ. ಒಬ್ಬೊಬ್ಬರೇ ಓದಿದಾಗ ಚೆನ್ನಾಗಿ ಕೇಳುವ ಎರಡು ದನಿ ಜೊತೆಯಾದಾಗ ಬೆರೆತುಹೋಗುವುದು ಮಾಮೂಲು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ವಿವರಿಸುವ ಕಷ್ಟ ಕನ್ನಡಕ್ಕೆ ಕಡಿಮೆ. ‘ಬನ್ನಿ ಭಾವ’, ‘ಏನೇ ಅಕ್ಕಾ’ ಎಂದರೆ ಅರ್ಧ ಕೆಲಸ ಮುಗಿಯಿತು. ಅದನ್ನು ಬಿಟ್ಟು ‘ನೀನು ನನ್ನ ತಂಗಿಯ ಗಂಡನಲ್ಲವೇ’ ಎಂದು ಬರೆಯುವುದು ಸೋಮಾರಿತನ.

ಸ್ಕ್ರಿಪ್ಟಿಗೆ ಪಿನ್ ಹೊಡೆಯಬೇಡಿ. ಹಾಳೆ ಬಿಡಿಯಾಗಿರಲಿ, ಒಂದೇ ಬದಿ ಮುದ್ರಿಸಿ, ಒಂದು ಮಾತು ಎರಡು ಹಾಳೆಗೆ ಹರಿಯದಂತೆ ನೋಡಿಕೊಳ್ಳಿ. ಮುಗಿದ ಹಾಳೆಯನ್ನು ಸದ್ದಾಗದಂತೆ ಕೆಳಕ್ಕೆ ಜಾರಿಸಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ. ಗಟ್ಟಿ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ನಿಲ್ಲಲಿ, ಕಿರುಚಾಟಕ್ಕೆ ಮೇಲೆ ಜಾಗ ಬೇಕು. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯನ್ನು ಮುದ್ರಿಸಿಕೊಳ್ಳಿ. ಮಾತುಗಳ ನಡುವೆ ಕತ್ತರಿಸಿದ ತೂತು ಮುಚ್ಚಲು ಅದೇ ಬಟ್ಟೆ. ಮಳೆಯಂಥ ಸದ್ದನ್ನು ಮೂರ್ನಾಲ್ಕು ಸೆಕೆಂಡು ಪೂರ್ತಿ ಕೇಳಿಸಿ, ಮಾತು ಶುರುವಾಗುವ ಮುಂಚೆ 10–12 ಡೆಸಿಬೆಲ್ ಇಳಿಸಿ. ಆಮೇಲೂ ಮಾತು ಮುಸುಕಾದರೆ ಮಳೆಯ ಟ್ರ್ಯಾಕಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ತಗ್ಗಿಸಿ, ವ್ಯಂಜನಗಳಿಗೆ ಬೇಕಾದ ಜಾಗ ಅದು. ಇಡೀ ಕಾರ್ಯಕ್ರಮ ಕಿವಿಗೆ ಸರಾಸರಿ ಎಷ್ಟು ಜೋರು ಎಂಬುದರ ಅಳತೆ ಎಲ್‌ಯುಎಫ್‌ಎಸ್; ಯುರೋಪಿನ ಪ್ರಸಾರದ ಮಟ್ಟ ಮೈನಸ್ 23 ಎಲ್‌ಯುಎಫ್‌ಎಸ್, ಪಾಡ್‌ಕ್ಯಾಸ್ಟಿಗಾದರೆ ಮೈನಸ್ 16ರ ಸುತ್ತ.

ಐರ್ಲೆಂಡಿನಲ್ಲಿ ಈ ಕಲೆ ಇನ್ನೂ ಉಸಿರಾಡುತ್ತಿರುವುದಕ್ಕೆ ಹಣದ ಏರ್ಪಾಡೂ ಕಾರಣ. ಅಲ್ಲಿ ಮನೆಮನೆಯಿಂದ ವಸೂಲಾಗುವ ಟಿವಿ ಲೈಸೆನ್ಸ್ ಶುಲ್ಕ ವರ್ಷಕ್ಕೆ 160 ಯೂರೋ. ಅದರ ಶೇ. 7 ಭಾಗ ‘ಸೌಂಡ್ ಆ್ಯಂಡ್ ವಿಷನ್’ ಎಂಬ ನಿಧಿಗೆ ಹೋಗುತ್ತದೆ, ಅಂದರೆ ಒಂದು ಮನೆಯಿಂದ 11 ಯೂರೋ 20 ಸೆಂಟ್. ಸಣ್ಣ ಸಮುದಾಯ ಬಾನುಲಿ ಕೇಂದ್ರಗಳೂ ಅದರಿಂದ ನಾಟಕ ಮಾಡಿಸಿಕೊಳ್ಳಬಹುದು. ಆರ್‌ಟಿಇ ತನ್ನ ‘ಡ್ರಾಮಾ ಆನ್ ಒನ್’ ವಿಭಾಗದ ಮೂಲಕ ಹೊಸಬರಿಗೆ ಪಿ.ಜೆ. ಓಕಾನರ್ ಹೆಸರಿನ ಬಹುಮಾನವಿಟ್ಟಿದೆ. ಗೆದ್ದವರ ಸ್ಕ್ರಿಪ್ಟು ವೃತ್ತಿಪರ ನಟರ ಬಾಯಲ್ಲಿ ನಾಟಕವಾಗಿ ಪ್ರಸಾರವಾಗುತ್ತದೆ. ಹಣಕ್ಕಿಂತ ಅದೇ ದೊಡ್ಡದು. ತನ್ನ ಮಾತು ಸ್ಟುಡಿಯೋದಲ್ಲಿ ಎಲ್ಲಿ ಉದ್ದವಾಯಿತು, ಯಾವ ಸದ್ದು ದಂಡವಾಯಿತು ಎಂದು ಬರಹಗಾರನಿಗೆ ತಿಳಿಯುವುದು ಅಲ್ಲೇ.

ಮುಗಿದ ನಾಟಕವನ್ನು ಪ್ರಸಾರಕ್ಕೆ ಕೊಡುವ ಮುಂಚೆ ಸ್ಕ್ರಿಪ್ಟ್ ಓದಿರದ ಇಬ್ಬರಿಗೆ ಕೇಳಿಸಿ. ಒಬ್ಬರಿಗೆ ಹೆಡ್‌ಫೋನಿನಲ್ಲಿ, ಇನ್ನೊಬ್ಬರಿಗೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವಾಗ ಫೋನಿನ ಸ್ಪೀಕರಿನಲ್ಲಿ. ಯಾವ ದೃಶ್ಯ ಎಲ್ಲಿ ನಡೆಯಿತು, ಅಲ್ಲಿ ಎಷ್ಟು ಜನರಿದ್ದರು, ಯಾರು ಯಾವಾಗ ಎದ್ದುಹೋದರು ಎಂದು ಕೇಳಿ. ಜನರ ಲೆಕ್ಕದಲ್ಲಿ ಒಬ್ಬರು ಕಡಿಮೆ ಬಂದರೆ ಸದ್ದು ಸೇರಿಸಲು ಓಡಬೇಡಿ. ಆ ದೃಶ್ಯದ ಮಾತನ್ನು ಮತ್ತೆ ಬರೆಯಿರಿ.